ಮೂರು ಪಂಪ್ ಬದಲಾದವು, ತೊಂದರೆ ಇದ್ದದ್ದು ಪಂಪಿನ ಹಿಂದೆ

ಕಾರ್ಬ್ಯುರೇಟರ್ (ಗಾಳಿಯ ಎಳೆತದಿಂದ ಪೆಟ್ರೋಲ್ ಬೆರೆಸುವ ಹಳೆಯ ಸಲಕರಣೆ) ಗಾಡಿಗೆ ಇಂಜೆಕ್ಷನ್ (ಪ್ರೆಷರಿನಲ್ಲಿ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಕೂರಿಸಿದವರಿಗೆ, ಕೂರಿಸಬೇಕು ಅಂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಓಡುತ್ತಾ ನಿಂತುಹೋಗುತ್ತಿದ್ದ ಅಂಥದ್ದೊಂದು ಗಾಡಿಯ ರೋಗ ಹುಡುಕಿ ಸರಿಮಾಡಲು ಐದು ತಿಂಗಳು ಹಿಡಿದ ಕೆಲಸ ಹೋದ ವಾರ ಮುಗಿಯಿತು. ಎಲ್ಲಿ ಏನು ಅಳೆಯಬೇಕು ಅಂತ ಮೊದಲೇ ಗೊತ್ತಿದ್ದರೆ ಎರಡು ಭಾನುವಾರಗಳಲ್ಲಿ ಮುಗಿಯುತ್ತಿತ್ತು.

ಗಾಡಿ ಹಳೆಯ ಫೋರ್ ವೀಲ್ ಡ್ರೈವ್. ಮೂಲದ ಕಾರ್ಬ್ಯುರೇಟರ್ ಎಂಜಿನ್ ತೆಗೆದು 1.6 ಲೀಟರಿನ, ಸುಮಾರು 100 ಎಚ್‌ಪಿಯ ಪೆಟ್ರೋಲ್ ಇಂಜೆಕ್ಷನ್ ಎಂಜಿನ್ ಹಾಕಲಾಗಿದೆ. ಟ್ಯಾಂಕ್ ಮಾತ್ರ ಹಳೆಯದೇ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪೈಪೂ ಹಳೆಯದೇ, 6 ಮಿ.ಮೀ. ಹೊರ ಅಳತೆಯದ್ದು. ಇಂಜೆಕ್ಷನ್‌ಗೆ ಬೇಕಾದ ಹೈ ಪ್ರೆಷರ್ ಪಂಪನ್ನು ಚಾಸಿಸ್ ಪಕ್ಕಕ್ಕೆ, ಟ್ಯಾಂಕಿನ ತಳಕ್ಕಿಂತ ಒಂದು ಗೇಣು ಮೇಲೆ ಬೋಲ್ಟ್ ಮಾಡಲಾಗಿತ್ತು. ಮಣ್ಣು, ಕಲ್ಲು ತಾಗದಿರಲಿ ಅಂತ ಆರಿಸಿದ ಜಾಗ. ಸುಡದೆ ಉಳಿದ ಪೆಟ್ರೋಲ್ ತರುವ ರಿಟರ್ನ್ ಪೈಪು ಎಂಜಿನ್ನಿನಿಂದ ವಾಪಸ್ ಬಂದು ಟ್ಯಾಂಕಿನೊಳಗೆ ಎಳೆಯುವ ಪೈಪಿನ ಪಕ್ಕದಲ್ಲೇ ಬೀಳುತ್ತಿತ್ತು.

ತೊಂದರೆಯ ಸ್ವರೂಪ ಹೀಗೆ. ತಣ್ಣಗಿದ್ದಾಗ ಗಾಡಿ ಚೆನ್ನಾಗಿ ಓಡುತ್ತದೆ. ಮೂವತ್ತು, ನಲವತ್ತು ನಿಮಿಷ ಕಳೆದ ಮೇಲೆ ಏರಿನಲ್ಲಿ ರೇಸ್ ಕೊಟ್ಟರೆ ಎಳೆಯುವುದಿಲ್ಲ, ಜರ್ಕ್ ಹೊಡೆಯುತ್ತದೆ, ಹಿಂದಿನಿಂದ ಪಂಪಿನ ಸದ್ದು ಕಿರುಚಿದಂತೆ ಏರುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಹತ್ತು ನಿಮಿಷ ಬಾನೆಟ್ ಎತ್ತಿ ನಿಲ್ಲಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0171, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್, ಅಂದರೆ ಆ ಕೊರತೆ ತುಂಬಲು ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಕಲಿತು ಸೇರಿಸುವ ಹೆಚ್ಚುವರಿ ಪೆಟ್ರೋಲ್, ಶೇ. 20ರ ಆಸುಪಾಸು.

ನೋಡಿದವರೆಲ್ಲ ಹೇಳಿದ್ದು ಒಂದೇ, ಪಂಪ್ ಹೋಗಿದೆ ಅಂತ. ಪಂಪ್ ಬದಲಾಯಿತು, ಫಿಲ್ಟರ್ ಬದಲಾಯಿತು. ಎರಡು ವಾರ ಗಾಡಿ ಸರಿಯಾಗಿ ಓಡಿತು. ಆ ಎರಡು ವಾರ ಮೋಡ ಮುಚ್ಚಿ ತಂಪಾಗಿತ್ತು, ಟ್ಯಾಂಕ್ ಮುಕ್ಕಾಲಿಗಿಂತ ಕೆಳಗೆ ಇಳಿದಿರಲಿಲ್ಲ. ಇದು ಹೊಳೆಯಲು ಮೂರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಎರಡನೇ ಪಂಪೂ ಹೋಯಿತು, ಒಂದು ಮ್ಯಾಪ್ ಸೆನ್ಸರ್ (ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ ಅಳೆಯುವುದು), ಒಂದು ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವುದು) ಸುಮ್ಮನೆ ಬದಲಾದವು.

ನಿಮ್ಮ ಗಾಡಿಗೂ ಇದೇ ರೋಗ ಇದ್ದರೆ ಯಾವ ಬಿಡಿಭಾಗವನ್ನೂ ಕೊಳ್ಳುವ ಮೊದಲು ಒಂದು ನೋಟ್‌ಬುಕ್ ಇಡಿ. ಪ್ರತಿ ಸಲ ಗಾಡಿ ಕೈಕೊಟ್ಟಾಗ ಆರು ಸಂಗತಿ ಬರೆದುಕೊಳ್ಳಿ: ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು, ಸ್ಟಾರ್ಟ್ ಮಾಡಿ ಎಷ್ಟು ನಿಮಿಷ, ಹೊರಗಿನ ಬಿಸಿ ಎಷ್ಟು, ಏರೋ ಸಮತಟ್ಟೋ, ಪಂಪಿನ ಸದ್ದು ಹೇಗಿತ್ತು, ಎಷ್ಟು ಹೊತ್ತಿಗೆ ಸರಿಹೋಯಿತು. ಹನ್ನೊಂದು ಸಲದ ಲೆಕ್ಕ ಒಟ್ಟಿಗೆ ಇಟ್ಟು ನೋಡಿದಾಗ, ಟ್ಯಾಂಕ್ ಅರ್ಧಕ್ಕಿಂತ ಮೇಲಿದ್ದಾಗ ಒಂದೇ ಒಂದು ಸಲವೂ ನಿಂತಿರಲಿಲ್ಲ. ಸೆನ್ಸರ್‌ಗೆ ಟ್ಯಾಂಕಿನ ಮಟ್ಟ ಗೊತ್ತಾಗುವುದಿಲ್ಲ. ಅಲ್ಲಿಗೆ ಎಲೆಕ್ಟ್ರಾನಿಕ್ಸ್ ಮೇಲಿನ ಅನುಮಾನ ಮುಗಿಯಿತು.

ಆಮೇಲೆ ಅಳತೆ. ಇಂಜೆಕ್ಟರ್ ರೈಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪು) ಪ್ರೆಷರ್ ಗೇಜ್ ಹಾಕಿದೆ. ಈ ಎಂಜಿನ್ನಿಗೆ ರೆಗ್ಯುಲೇಟರಿನ (ಪ್ರೆಷರನ್ನು ಹದದಲ್ಲಿಡುವ ಭಾಗ) ವ್ಯಾಕ್ಯೂಮ್ ಹೋಸ್ ತೆಗೆದಿಟ್ಟಾಗ 3 ಬಾರ್ ಬರಬೇಕು, ಹೋಸ್ ಹಾಕಿ ಐಡ್ಲಿಂಗ್‌ನಲ್ಲಿ ಬಿಟ್ಟರೆ 2.4ರಿಂದ 2.5ಕ್ಕೆ ಇಳಿಯಬೇಕು. ಮನೆ ಮುಂದೆ ನಿಲ್ಲಿಸಿ ನೋಡಿದರೆ ಎರಡೂ ಕರಾರುವಾಕ್ಕು. ಬಹಳ ಜನ ಇಲ್ಲಿಗೇ ಗೇಜ್ ತೆಗೆದು "ಪ್ರೆಷರ್ ಸರಿ ಇದೆ" ಅಂದುಬಿಡುತ್ತಾರೆ. ನಿಂತ ಗಾಡಿಯ ಪ್ರೆಷರ್ ಏನನ್ನೂ ಹೇಳುವುದಿಲ್ಲ. ಕೆಡುವ ಹೊತ್ತಿಗೆ ಗೇಜ್ ಕಣ್ಣೆದುರು ಇರಬೇಕು. ಉದ್ದ ಹೋಸ್ ಹಾಕಿ ಗೇಜನ್ನು ಮುಂದಿನ ಗಾಜಿನ ಹೊರಗಡೆ, ವೈಪರ್ ಹತ್ತಿರ ಟೇಪಿನಿಂದ ಬಿಗಿದೆ. ಪೆಟ್ರೋಲ್ ತುಂಬಿದ ಹೋಸನ್ನು ಎಂದಿಗೂ ಕ್ಯಾಬಿನ್ ಒಳಗೆ ತರಬೇಡಿ. ಒಂದು ಕ್ಲಾಂಪ್ ಸಡಿಲವಾದರೆ 3 ಬಾರ್ ಪೆಟ್ರೋಲ್ ನೇರ ಮೈಮೇಲೆ.

ಏರಿನಲ್ಲಿ ಗೇಜ್ ಮುಳ್ಳು ಮೊದಲು ನಡುಗಲು ಶುರುವಾಯಿತು, ಆಮೇಲೆ 2.2, 1.9, ಕೊನೆಗೆ 1.6. ನಡುಕವನ್ನು ನೆನಪಿಡಿ. ಸವೆದ ಪಂಪಿನಲ್ಲಿ ಮುಳ್ಳು ನಿಧಾನಕ್ಕೆ, ಸಮನಾಗಿ ಇಳಿಯುತ್ತದೆ. ಮುಳ್ಳು ಪಟಪಟನೆ ಹೊಡೆದುಕೊಂಡರೆ ಪಂಪಿನ ಬಾಯಿಗೆ ಪೆಟ್ರೋಲ್ ಜೊತೆ ಗಾಳಿಯೋ ಆವಿಯೋ ಬರುತ್ತಿದೆ ಅಂತ ಅರ್ಥ.

ಮುಂದೆ ವೋಲ್ಟೇಜ್. ಬ್ಯಾಟರಿ ಮೇಲೆ 13.9, ಪಂಪಿನ ಎರಡು ಟರ್ಮಿನಲ್ ನಡುವೆ 11.2. ದಾರಿಯಲ್ಲಿ 2.7 ವೋಲ್ಟ್ ಸೋರಿಹೋಗುತ್ತಿತ್ತು. ತೆಳು ವೈರು, ಜೊತೆಗೆ ಪೇಂಟ್ ಬಳಿದ ಚಾಸಿಸ್ ಮೇಲೆ ಕೂರಿಸಿದ ಅರ್ಥ್. ಪಂಪಿನ ಹತ್ತಿರವೇ ರಿಲೇ ಇಟ್ಟು, ಬ್ಯಾಟರಿಯಿಂದ ಫ್ಯೂಸ್ ಮೂಲಕ 4 ಚದರ ಮಿ.ಮೀ. ವೈರ್ ಎಳೆದು, ಅರ್ಥ್ ಜಾಗದ ಪೇಂಟ್ ಕೆರೆದು ಬಿಗಿ ಮಾಡಿದೆ. ಪಂಪಿನಲ್ಲಿ 13.5 ಸಿಕ್ಕಿತು. ಈ ಅಳತೆಯನ್ನು ಪಂಪ್ ಓಡುತ್ತಿರುವಾಗಲೇ ತೆಗೆಯಬೇಕು. ಕನೆಕ್ಟರ್ ಕಳಚಿ ಅಳೆದರೆ ಎಂಥ ಹಾಳು ವೈರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ.

ಇಷ್ಟಾದ ಮೇಲೆ ತೊಂದರೆ ಹೆಚ್ಚಾಯಿತು. ಮೊದಲು ನಲವತ್ತು ನಿಮಿಷಕ್ಕೆ ಬರುತ್ತಿದ್ದದ್ದು ಇಪ್ಪತ್ತೈದಕ್ಕೇ ಬಂತು. ಸಿಟ್ಟಿನಲ್ಲಿ ಇನ್ನೂ ದೊಡ್ಡ ಪಂಪ್ ಹಾಕಿಸಿದೆ, ಅದು ಮೂರನೆಯದು. ಹದಿನೆಂಟು ನಿಮಿಷಕ್ಕೆ ಬಂತು. ಪಂಪ್ ಬಲವಾದಷ್ಟೂ ರೋಗ ಬೇಗ ಬರುತ್ತಿದೆ ಅಂದಮೇಲೆ ಪಂಪ್ ರೋಗಿಯೇ ಹೊರತು ರೋಗವಲ್ಲ. ಅಲ್ಲಿಯವರೆಗೆ ಎಲ್ಲರ ಕಣ್ಣೂ ಪಂಪಿನಿಂದ ಎಂಜಿನ್ ಕಡೆಗಿತ್ತು. ನೋಡಬೇಕಾದದ್ದು ಪಂಪಿನಿಂದ ಟ್ಯಾಂಕ್ ಕಡೆಗೆ.

ಇಲ್ಲೊಂದು ಲೆಕ್ಕ ತಿಳಿದುಕೊಂಡರೆ ಇಡೀ ವಿಷಯ ಬಿಡಿಸಿಕೊಳ್ಳುತ್ತದೆ. 100 ಎಚ್‌ಪಿ ಎಂಜಿನ್ ಪೂರ್ತಿ ರೇಸಿನಲ್ಲಿ ಗಂಟೆಗೆ ಸುಮಾರು 30 ಲೀಟರ್ ಪೆಟ್ರೋಲ್ ಸುಡುತ್ತದೆ, ಐಡ್ಲಿಂಗ್‌ನಲ್ಲಿ ಒಂದು ಲೀಟರ್ ಆಸುಪಾಸು. ಕಾರ್ಬ್ಯುರೇಟರ್ ಕಾಲದ ಮೆಕ್ಯಾನಿಕಲ್ ಪಂಪು ಸುಟ್ಟಷ್ಟನ್ನೇ ಎಳೆಯುತ್ತದೆ, ಫ್ಲೋಟ್ ಬೌಲ್ (ಕಾರ್ಬ್ಯುರೇಟರಿನೊಳಗಿನ ಪೆಟ್ರೋಲ್ ಬಟ್ಟಲು) ತುಂಬಿದ ಕೂಡಲೇ ನೀಡಲ್ (ಸೂಜಿ ವಾಲ್ವ್) ಮುಚ್ಚಿ ಪಂಪು ಸುಮ್ಮನಾಗುತ್ತದೆ. ರಿಟರ್ನ್ ಇರುವ ಇಂಜೆಕ್ಷನ್ ಸಿಸ್ಟಮ್ ಹಾಗಲ್ಲ. ರಿಟರ್ನ್ ಪೈಪನ್ನು ಅಳತೆ ಡಬ್ಬಕ್ಕೆ ಬಿಟ್ಟು ನೋಡಿದಾಗ 28 ಸೆಕೆಂಡಿಗೆ ಒಂದು ಲೀಟರ್ ಬಂತು, ಅಂದರೆ ಗಂಟೆಗೆ ಸುಮಾರು 128 ಲೀಟರ್. ಗಾಡಿ ಸಿಗ್ನಲ್ಲಿನಲ್ಲಿ ನಿಂತಿದ್ದರೂ ಅಷ್ಟೂ ಪೆಟ್ರೋಲ್ ಆ ಸಣ್ಣ ಪೈಪಿನಲ್ಲಿ ಬಂದು, ಎಂಜಿನ್ ಸುತ್ತಿ, ಬಿಸಿಯಾಗಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಹಳೆಯ ಪೈಪಿನ ಒಳ ಅಳತೆ 5 ಮಿ.ಮೀ. ಕೂಡ ಇರಲಿಲ್ಲ. ಆ ರಂಧ್ರದಲ್ಲಿ ಪೆಟ್ರೋಲ್ ಸೆಕೆಂಡಿಗೆ ಎರಡು ಮೀಟರ್ ಹತ್ತಿರದ ವೇಗದಲ್ಲಿ ಓಡಬೇಕು. ಒಳ ಅಳತೆ 10 ಮಿ.ಮೀ. ಇದ್ದರೆ ಅದೇ ಪೆಟ್ರೋಲಿಗೆ ಅರ್ಧ ಮೀಟರ್ ವೇಗವೂ ಬೇಡ.

ಹೈ ಪ್ರೆಷರ್ ಪಂಪು ತಳ್ಳುವುದರಲ್ಲಿ ಜಟ್ಟಿ, ಎಳೆಯುವುದರಲ್ಲಿ ಬಡವ. ಎಳೆತ ಹೆಚ್ಚಾದಂತೆ ಪೈಪಿನೊಳಗಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪೆಟ್ರೋಲ್ ಕಡಿಮೆ ಬಿಸಿಗೇ ಕುದಿಯುತ್ತದೆ. ಮೊದಲೇ ಪೆಟ್ರೋಲಿನ ಹಗುರ ಭಾಗಗಳು 35-40 ಡಿಗ್ರಿಯಲ್ಲೇ ಕುದಿಯಲು ಶುರುವಾಗುತ್ತವೆ. ಗುಳ್ಳೆ ಬಂದರೆ ಪಂಪಿಗೆ ತಂಪೂ ಇಲ್ಲ, ಜಾರುವಿಕೆಯೂ ಇಲ್ಲ, ಎರಡನ್ನೂ ಕೊಡುವುದು ಅದರೊಳಗೆ ಹರಿಯುವ ಪೆಟ್ರೋಲೇ. ಮೊದಲಿನ ಎರಡು ಪಂಪುಗಳು ಸತ್ತದ್ದು ಹೀಗೆ.

ಇದನ್ನು ಊಹೆಯಲ್ಲಿ ಬಿಡದೆ ಪಂಪಿನ ಬಾಯಿಗೆ ಸರಿಯಾಗಿ ಹಿಂದೆ ಟಿ ಜಾಯಿಂಟ್ ಹಾಕಿ ವ್ಯಾಕ್ಯೂಮ್ ಗೇಜ್ ಜೋಡಿಸಿದೆ. ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸಲಕರಣೆ ಇದೇ, ಬದಲಾಯಿಸಿದ ಯಾವ ಬಿಡಿಭಾಗಕ್ಕಿಂತಲೂ ಅಗ್ಗದ್ದು. ತಣ್ಣಗಿರುವಾಗಲೇ 6 ಇಂಚು ಪಾದರಸದಷ್ಟು ಎಳೆತ ತೋರಿಸಿತು, ಸುಮಾರು 20 ಕಿಲೋಪ್ಯಾಸ್ಕಲ್. ಇಂಥ ಪಂಪಿಗೆ ಒಂದು ಇಂಚಿನೊಳಗೆ ಇದ್ದರೆ ನೆಮ್ಮದಿ.

ಗೇಜಿನ ಪಕ್ಕ ಒಂದು ಗೇಣು ಉದ್ದದ ಪಾರದರ್ಶಕ ಪಾಲಿಯುರೆಥೇನ್ ಹೋಸ್ ಕೂಡ ಹಾಕಿದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪಿವಿಸಿ ಹೋಸ್ ಬೇಡ, ಪೆಟ್ರೋಲ್ ತಾಗಿ ಕಲ್ಲಾಗಿ ಕಳಚಿಬೀಳುತ್ತದೆ. ಇದೂ ಪರೀಕ್ಷೆಗಷ್ಟೇ, ಅದೇ ದಿನ ತೆಗೆದುಬಿಡಿ. ಎಂಜಿನ್ ಓಡಿಸಿ ಗಾಡಿಯ ಪಕ್ಕ ಕೂತೆ. ಮೊದಲ ಹತ್ತು ನಿಮಿಷ ಹೋಸಿನಲ್ಲಿ ಏನೂ ಕಾಣಲಿಲ್ಲ, ಪೆಟ್ರೋಲ್ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ತಿಳಿ. ಆಮೇಲೆ ಮೇಲ್ಭಾಗಕ್ಕೆ ಅಂಟಿಕೊಂಡು ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದೊಂದೇ ಓಡತೊಡಗಿದವು. ಇಪ್ಪತ್ತನೇ ನಿಮಿಷಕ್ಕೆ ಅವು ಸೇರಿ ಕಡಲೆ ಗಾತ್ರ, ಇಪ್ಪತ್ತೆರಡಕ್ಕೆ ಹೋಸಿನ ಅರ್ಧ ಖಾಲಿ. ಪಂಪ್ ಆಗಲೇ ಕಿರುಚಲು ಶುರುಮಾಡಿತು. ವೈರಿಗೆ ಹಾಕಿದ್ದ ಕ್ಲಾಂಪ್ ಮೀಟರ್ 6.5 ಆಂಪಿಯರಿನಿಂದ 4ರ ಕೆಳಗೆ ಬಿತ್ತು. ತಳ್ಳಲು ಪೆಟ್ರೋಲ್ ಇಲ್ಲದ ಪಂಪಿಗೆ ಶ್ರಮವೂ ಇಲ್ಲ, ಅದಕ್ಕೇ ಕರೆಂಟ್ ಕಮ್ಮಿ. ಗೇಜ್ ಹಾಕಲು ಜಾಗವೇ ಇಲ್ಲದ ಗಾಡಿಯಲ್ಲಿ ಈ ಕ್ಲಾಂಪ್ ಮೀಟರ್ ಒಂದರಿಂದಲೇ ರೋಗ ಗುರುತಿಸಬಹುದು: ಸದ್ದು ಏರಿ ಕರೆಂಟ್ ಇಳಿದರೆ ಪಂಪಿಗೆ ಪೆಟ್ರೋಲ್ ಸಿಗುತ್ತಿಲ್ಲ.

ಕೊನೆಯ ಖಾತ್ರಿಗೆ ಹಳೆಯ ಟ್ಯಾಂಕನ್ನೇ ಬಿಟ್ಟು, ಹತ್ತು ಲೀಟರಿನ ಲೋಹದ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿ ಇಟ್ಟು, 10 ಮಿ.ಮೀ. ಹೋಸಿನಿಂದ ನೇರ ಪಂಪಿಗೆ ಕೊಟ್ಟೆ. ರಿಟರ್ನ್ ಕೂಡ ಅದೇ ಕ್ಯಾನಿಗೆ. ಬಯಲಿನಲ್ಲಿ, ನಿಂತ ಗಾಡಿಯಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇಟ್ಟುಕೊಂಡು ಮಾತ್ರ ಇದನ್ನು ಮಾಡಿ. ಎಳೆತ ಸೊನ್ನೆ. ಮುಕ್ಕಾಲು ಗಂಟೆ ಆದರೂ ಒಂದು ಗುಳ್ಳೆಯಿಲ್ಲ. ಅದೇ ಪಂಪು, ಅದೇ ರೆಗ್ಯುಲೇಟರ್, ಅದೇ ಇಸಿಯು.

ಆಮೇಲೆ ಟ್ಯಾಂಕ್ ಇಳಿಸಿದರೆ ತಪ್ಪಿತಸ್ಥರು ಒಬ್ಬರಲ್ಲ, ನಾಲ್ವರು. ಈ ರೋಗ ಇಷ್ಟು ದಿನ ಸಿಕ್ಕಿಬೀಳದೆ ಇದ್ದದ್ದು ಇದಕ್ಕೇ. ಒಂದನ್ನು ಸರಿ ಮಾಡಿದಾಗ ಸ್ವಲ್ಪ ಸುಧಾರಿಸುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ, ಹಾಗಾಗಿ ಅದು ಕಾರಣವೇ ಅಲ್ಲ ಅಂತ ತಳ್ಳಿಹಾಕಿಬಿಡುತ್ತಿದ್ದೆ.

ಮೊದಲನೆಯದು ಎಳೆಯುವ ಪೈಪು. ಸಣ್ಣದಾಗಿದ್ದು ಸಾಲದೆಂಬಂತೆ ಟ್ಯಾಂಕಿನೊಳಗಿನ ತಿರುವಿನಲ್ಲಿ ಚಪ್ಪಟೆಯಾಗಿತ್ತು. ಎರಡನೆಯದು ಪಂಪಿನ ಹಿಂದೆ ಹಾಕಿದ್ದ ಕಾಗದದ ಫಿಲ್ಟರ್. ಪಂಪ್ ಕಾಪಾಡಲು ಅಂತ ಹಾಕಿದ್ದು, ಆದರೆ 10 ಮೈಕ್ರಾನಿನ ನುಣುಪು ಫಿಲ್ಟರ್ ಇರಬೇಕಾದದ್ದು ಪಂಪಿನ ಮುಂದೆ, ತಳ್ಳುವ ಕಡೆ. ಎಳೆಯುವ ಕಡೆಗೆ 100 ಮೈಕ್ರಾನಿನ ಜರಡಿ ಸಾಕು. ಮೂರನೆಯದು ರಬ್ಬರ್ ಹೋಸ್. ಹೊರಗೆ ಹೊಸದರಂತೆ ಹೊಳೆಯುತ್ತಿತ್ತು. ಸೀಳಿ ನೋಡಿದರೆ ಒಳ ಪದರ ಉಬ್ಬಿ ಬಿಟ್ಟುಕೊಂಡು ನಾಲಗೆಯಂತೆ ನೇತಾಡುತ್ತಿತ್ತು. ಎಳೆತ ಹೆಚ್ಚಾದಾಗ ಆ ನಾಲಗೆಯೇ ದಾರಿ ಮುಚ್ಚುತ್ತದೆ, ಎಂಜಿನ್ ನಿಂತ ಮೇಲೆ ತೆರೆದುಕೊಳ್ಳುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಕಾಲದ ರಬ್ಬರಿಗೆ ಆಗಿಬರುವುದಿಲ್ಲ.

ನಾಲ್ಕನೆಯದು ಗಾಳಿ ದಾರಿ. ಎಂಜಿನ್ ಬದಲಿಸುವಾಗ ಟ್ಯಾಂಕಿನ ಉಸಿರಾಟದ ಪೈಪಿಗೆ ಧೂಳು ಹೋಗದಿರಲಿ ಅಂತ ಬಿರಡೆ ಹೊಡೆದಿದ್ದರು, ಹಾಗೇ ಉಳಿದುಬಿಟ್ಟಿತ್ತು. ಮುಚ್ಚಳವೂ ರಂಧ್ರವಿಲ್ಲದ ಜಾತಿಯದ್ದು. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕು. ಎರಡನೇ ತಿಂಗಳಿನಲ್ಲೇ ಮುಚ್ಚಳ ತೆಗೆದಾಗ ಹುಸ್ ಅಂತ ಗಾಳಿ ಒಳಗೆ ಎಳೆದ ಸದ್ದು ಕೇಳಿತ್ತು. ಮುಚ್ಚಳ ಸಡಿಲ ಬಿಟ್ಟು ಓಡಿಸಿ ನೋಡಿದ್ದೂ ಆಗಿತ್ತು, ಐದು ನಿಮಿಷ ತಡವಾಗಿ ಅದೇ ತೊಂದರೆ ಬಂದಿತ್ತು. ವ್ಯಾಕ್ಯೂಮ್ ಗೇಜ್ ಇದ್ದಿದ್ದರೆ 6 ಇಂಚು 4.5 ಆದದ್ದು ಅವತ್ತೇ ಕಾಣುತ್ತಿತ್ತು.

ಇವುಗಳ ಜೊತೆಗೆ ಬಿಸಿ. ಒಂದು ಗಂಟೆ ಓಡಿಸಿ ಟ್ಯಾಂಕ್ ಕಾಲು ಭಾಗಕ್ಕೆ ಬಂದಾಗ ಅದರ ತಳ 52 ಡಿಗ್ರಿ ಇತ್ತು, ಹೊರಗೆ 34. ಬಿಸಿ ರಿಟರ್ನ್ ನೇರವಾಗಿ ಎಳೆಯುವ ಬಾಯಿಯ ಪಕ್ಕ ಬೀಳುತ್ತಿದ್ದುದರಿಂದ ಅದೇ ಪೆಟ್ರೋಲ್ ಮತ್ತೆ ಮತ್ತೆ ಸುತ್ತಿ ಕಾಯುತ್ತಿತ್ತು. ಟ್ಯಾಂಕ್ ತುಂಬಿದ್ದಾಗ ಕಾಯಲು ಹೊತ್ತು ಬೇಕು, ಮೇಲಿನ ಪೆಟ್ರೋಲಿನ ತೂಕವೂ ಪಂಪಿಗೆ ಸಹಾಯ ಮಾಡುತ್ತದೆ. ಅರ್ಧ ಟ್ಯಾಂಕಿನ ಗುಟ್ಟು ಅಷ್ಟೇ.

ಪರಿಹಾರಕ್ಕೆ ಎರಡು ದಾರಿ ಇದ್ದವು. ಕಡಿಮೆ ಪ್ರೆಷರಿನ ಸಣ್ಣ ಪಂಪಿನಿಂದ ಒಂದೂವರೆ ಲೀಟರಿನ ಸರ್ಜ್ ಟ್ಯಾಂಕ್ (ನಡುವಿನ ಸಣ್ಣ ಟ್ಯಾಂಕ್) ತುಂಬಿಸಿ, ಅದರ ತಳದಿಂದ ಹೈ ಪ್ರೆಷರ್ ಪಂಪಿಗೆ ಕೊಡುವುದು ಒಂದು. ಟ್ಯಾಂಕ್ ಕತ್ತರಿಸುವುದು ಬೇಡ ಅನ್ನುವವರಿಗೆ ಇದು ಒಳ್ಳೆಯದು, ಆದರೆ ಎರಡು ಪಂಪು, ಎಂಟು ಹತ್ತು ಜಾಯಿಂಟು. ಇನ್ನೊಂದು, ಪಂಪನ್ನೇ ಟ್ಯಾಂಕಿನೊಳಗೆ ಮುಳುಗಿಸುವುದು. ಮುಳುಗಿದ ಪಂಪು ಎಳೆಯಬೇಕಾಗಿಯೇ ಇಲ್ಲ. ನಾನು ಇದನ್ನೇ ಆರಿಸಿದೆ, ಟ್ಯಾಂಕಿನ ಆಳ ಸಾಕಾಗುವವರಿಗೆ ಇದನ್ನೇ ಹೇಳುತ್ತೇನೆ.

ಟ್ಯಾಂಕ್ ಕತ್ತರಿಸುವ ಬಗ್ಗೆ ದಯವಿಟ್ಟು ಎಚ್ಚರ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿರುವುದು ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣ. ತಿಂಗಳುಗಟ್ಟಲೆ ಒಣಗಿಸಿದರೂ ಮೂಲೆಯ ತುಕ್ಕಿನಲ್ಲಿ, ಬೆಸುಗೆಯ ಸಂದಿನಲ್ಲಿ ಪೆಟ್ರೋಲ್ ಕೂತಿರುತ್ತದೆ. ಟ್ಯಾಂಕ್ ಕೆಲಸವನ್ನೇ ಮಾಡುವವರ ಹತ್ತಿರ ಕೊಟ್ಟೆ. ಅವರು ಡಿಟರ್ಜೆಂಟ್ ಹಾಕಿದ ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಹಬೆ ಹಾಯಿಸಿ, ಕತ್ತರಿಸುವ ಜಾಗದ ಕೆಳಗಿನವರೆಗೆ ನೀರು ತುಂಬಿಯೇ ಕೈ ಹಚ್ಚಿದರು. ಈ ಕೆಲಸಕ್ಕೆ ಒಂಬತ್ತು ದಿನ ಕಾಯಬೇಕಾಯಿತು, ಆ ಕಾಯುವಿಕೆಯಲ್ಲಿ ಒಂದು ದಿನವೂ ದಂಡವಲ್ಲ.

ಮೇಲೆ ದುಂಡು ರಂಧ್ರ ಕೊರೆದು ಪ್ಲೇಟ್ ಕೂರಿಸಿ, ಅದರಿಂದ ಪಂಪ್ ಇಳಿಬಿಟ್ಟಿದೆ. ಪಂಪಿನ ಸುತ್ತ ತಳದಲ್ಲಿ ಕಿಂಡಿಯಿರುವ ಸಣ್ಣ ತಗಡಿನ ಡಬ್ಬ ಇದೆ, ಏರು ಇಳಿಜಾರಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದರೂ ಪಂಪಿನ ಜರಡಿ ಮುಳುಗಿರಲಿ ಅಂತ. ರಿಟರ್ನನ್ನು ಡಬ್ಬದಿಂದ ದೂರ, ಟ್ಯಾಂಕಿನ ಎದುರು ಮೂಲೆಗೆ ತಿರುಗಿಸಿದೆ. ಉಸಿರಾಟಕ್ಕೆ ರೋಲ್ ಓವರ್ ವಾಲ್ವ್, ಗಾಡಿ ಮಗುಚಿದರೆ ಮುಚ್ಚಿಕೊಳ್ಳುವಂಥದ್ದು. ಸೈಲೆನ್ಸರ್ ಪೈಪಿನ ಪಕ್ಕ ಹೋಗುತ್ತಿದ್ದ ಪೆಟ್ರೋಲ್ ಪೈಪನ್ನು ಚಾಸಿಸ್‌ನ ಇನ್ನೊಂದು ಮಗ್ಗುಲಿಗೆ ಒಯ್ದೆ.

ಮೂರು ದಿನ ಸಂಭ್ರಮ. ನಾಲ್ಕನೇ ದಿನ ಹೊಸ ರಗಳೆ: ಬಿಸಿ ಎಂಜಿನ್ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಏಳೆಂಟು ಸೆಕೆಂಡ್ ಸೆಲ್ಫ್ ಹೊಡೆಯಬೇಕು. ಎದೆ ಧಸಕ್ಕೆಂದಿತು, ಎಲ್ಲವೂ ಮತ್ತೆ ಮೊದಲಿನಿಂದಲೇ ಅನ್ನಿಸಿತು. ಆದರೆ ಈ ಸಲ ಅಳತೆಯ ದಾರಿ ಗೊತ್ತಿತ್ತು. ಎಂಜಿನ್ ನಿಲ್ಲಿಸಿದ ಕೂಡಲೇ ಪ್ರೆಷರ್ ನೋಡಿದರೆ ಒಂದು ನಿಮಿಷದಲ್ಲಿ ಸೊನ್ನೆ. ರಿಟರ್ನ್ ಹೋಸನ್ನು ಇಕ್ಕಳದಿಂದ ಅಮುಕಿ ಹಿಡಿದೆ, ಆಗಲೂ ಇಳಿಯಿತು, ಹಾಗಾದರೆ ರೆಗ್ಯುಲೇಟರ್ ಅಲ್ಲ. ಟ್ಯಾಂಕಿನಿಂದ ಬರುವ ಹೋಸನ್ನು ಅಮುಕಿದೆ, ಪ್ರೆಷರ್ ನಿಂತಿತು. ಅಲ್ಲಿಗೆ ಇಂಜೆಕ್ಟರ್ ಸೋರಿಕೆಯೂ ಅಲ್ಲ. ಸೋರಿಕೆ ಟ್ಯಾಂಕಿನೊಳಗೆ.

ತೆರೆದರೆ ಪಂಪಿನಿಂದ ಪ್ಲೇಟಿಗೆ ಹೋಗುವ ಒಂದು ಗೇಣು ಹೋಸಿನ ಜಾಯಿಂಟ್ ಜಿನುಗುತ್ತಿತ್ತು. ಎರಡು ತಪ್ಪು. ಪೈಪಿನ ತುದಿಗೆ ಉಬ್ಬು ಇರಲಿಲ್ಲ, ನುಣ್ಣಗಿನ ಪೈಪಿನ ಮೇಲೆ ಹೋಸ್ ಜಾರುತ್ತಿತ್ತು. ಕ್ಲಾಂಪ್ ಹಲ್ಲಿನದ್ದು, ಬಿಗಿದಷ್ಟೂ ರಬ್ಬರನ್ನು ಕೊಯ್ಯುತ್ತಿತ್ತು. ಪೈಪಿಗೆ ಉಬ್ಬು ಹೊಡೆಸಿ, ಅಂಚು ಮಡಚಿದ ಇಂಜೆಕ್ಷನ್ ಕ್ಲಾಂಪ್ ಹಾಕಿದೆ. ಟ್ಯಾಂಕಿನೊಳಗೆ ಹಾಕುವ ಹೋಸ್ ಬೇರೆಯೇ ಇದೆ, ಎಸ್‌ಎಇ ಜೆ30ಆರ್10 ಅಂತ ಹೋಸಿನ ಮೇಲೆಯೇ ಅಚ್ಚಾಗಿರುತ್ತದೆ. ಸಾಮಾನ್ಯ ಇಂಜೆಕ್ಷನ್ ಹೋಸಿನ ಒಳಗಿನ ಪದರ ಪೆಟ್ರೋಲ್ ತಡೆಯುತ್ತದೆ, ಹೊರಗಿನ ಪದರ ಸದಾ ಮುಳುಗಿರಲು ಮಾಡಿದ್ದಲ್ಲ, ಕೆಲವೇ ತಿಂಗಳಲ್ಲಿ ಮೆತ್ತಗಾಗುತ್ತದೆ. ಒಳಗಿನ ಸೋರಿಕೆ ಹೊರಗೆ ಒಂದು ಹನಿಯೂ ಕಾಣದ್ದರಿಂದ ಮತ್ತೆ "ಪಂಪ್ ಹೋಗಿದೆ" ಅನ್ನುವಲ್ಲಿಗೇ ಬಂದು ನಿಲ್ಲುತ್ತೀರಿ.

ಈಗಿನ ಅಳತೆ: ಅದೇ ಏರಿನಲ್ಲಿ, ಕಾಲು ಟ್ಯಾಂಕಿನಲ್ಲಿ, ವ್ಯಾಕ್ಯೂಮ್ ಹೋಸ್ ತೆಗೆದಿಟ್ಟು ಓಡಿಸಿದರೂ 3 ಬಾರ್ ಕದಲುವುದಿಲ್ಲ. ಎಂಜಿನ್ ನಿಲ್ಲಿಸಿ ಇಪ್ಪತ್ತು ನಿಮಿಷಕ್ಕೆ 2.1 ಉಳಿದಿರುತ್ತದೆ. ಇಸಿಯು ಹಳೆಯ ಕಲಿಕೆಯನ್ನು ಅಳಿಸಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಟ್ರಿಮ್ ಶೇ. 3ರಲ್ಲಿ ಕೂತಿದೆ. ಅಳಿಸದೆ ಬಿಟ್ಟರೆ ಕೆಲ ದಿನ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಸ್ಪಾರ್ಕ್ ಪ್ಲಗ್ಗುಗಳು ಕಪ್ಪಾಗುತ್ತವೆ, ಗಾಬರಿಯಾಗಬೇಡಿ.

ಟ್ಯಾಂಕ್ ಕತ್ತರಿಸಿದವರು ಇನ್ನೊಂದು ಕೆಲಸ ಮರೆಯಬಾರದು. 500 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಪ್ಲೇಟ್ ತೆಗೆದು ಜರಡಿ ನೋಡಿ. ಎಷ್ಟು ತೊಳೆದರೂ ಕತ್ತರಿಸಿದ ಲೋಹದ ಪುಡಿ, ಕಳಚಿದ ತುಕ್ಕು ಮೊದಲ ದಿನಗಳಲ್ಲಿ ಅಲ್ಲೇ ಬಂದು ಅಂಟುತ್ತದೆ. ನನ್ನದರಲ್ಲಿ ಅರ್ಧ ಚಮಚದಷ್ಟು ಸಿಕ್ಕಿತು. ಪ್ಲೇಟ್ ತೆರೆದ ಮೇಲೆ ಗ್ಯಾಸ್ಕೆಟ್ ಹೊಸದೇ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಆಮೇಲೆ ಟ್ಯಾಂಕ್ ಪೂರ್ತಿ ತುಂಬಿಸಿ ಗಾಡಿಯನ್ನು ಇಳಿಜಾರಿನಲ್ಲಿ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಪ್ಲೇಟಿನ ಸುತ್ತ ಬೆರಳಾಡಿಸಿ ಮೂಸಿ ನೋಡಿ.